ಹದಿನೇಳು ಶೆಕೆಲಿನ ಹೊಲ

ಹೊಲ ಕೊಳ್ಳುವವರು ಮೊದಲು ಉತಾರ ತೆಗೆಸುತ್ತಾರೆ. ಹೆಸರು ಸರಿಯಾಗಿ ಕೂತಿದೆಯೇ, ಬೋಜಾ ಏರಿದೆಯೇ, ಅಣ್ಣತಮ್ಮಂದಿರೆಲ್ಲ ಒಪ್ಪಿದ್ದಾರೆಯೇ, ಬಂಡಿ ಹೋಗುವ ಹಾದಿ ಇದೆಯೇ ಎಂದು ನೋಡಿ ಆಮೇಲೆ ಸಂಚಕಾರ ಕೊಡುತ್ತಾರೆ. ಗದಗ, ಹಾವೇರಿ ಕಡೆಯ ರೈತರು ಈ ಲೆಕ್ಕ ತಪ್ಪುವುದಿಲ್ಲ. ಬೈಬಲಿನ ಪ್ರವಾದಿ ಯೆರೆಮೀಯನ ಪುಸ್ತಕದ 32ನೆಯ ಅಧ್ಯಾಯದಲ್ಲಿ ಒಂದು ಹೊಲದ ಖರೀದಿ ಇದೆ. ಈ ಲೆಕ್ಕದಿಂದ ನೋಡಿದರೆ ಅದು ಶುದ್ಧ ಹುಚ್ಚುತನ.

ಕ್ರಿ.ಪೂ. 587ರ ಸುಮಾರು. ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಊರು ಬೀಳುತ್ತದೆ ಎಂದು ಸಾರಿದ ತಪ್ಪಿಗೆ ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಸೆರೆಯಲ್ಲಿದ್ದಾನೆ. ಅಲ್ಲಿಗೆ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ನೀನೇ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಅನಾತೋತ್ ಯೆರೂಸಲೇಮಿನಿಂದ ಸುಮಾರು ಐದು ಕಿಲೋಮೀಟರ್. ಊರನ್ನೇ ಸುತ್ತುಗಟ್ಟಿದ ಸೈನ್ಯಕ್ಕೆ ಆ ಹೊಲ ಯಾವ ಲೆಕ್ಕ? ಕೊಳ್ಳುವವನು ಅದನ್ನು ಹೋಗಿ ನೋಡುವಂತೆಯೂ ಇಲ್ಲ. ಬೆಲೆ ಹದಿನೇಳು ಶೆಕೆಲ್ ಬೆಳ್ಳಿ. ಒಂದು ಶೆಕೆಲ್ ಸುಮಾರು ಹನ್ನೊಂದೂವರೆ ಗ್ರಾಂ, ನಮ್ಮ ತೊಲಕ್ಕಿಂತ ತುಸು ಕಡಿಮೆ. ಒಟ್ಟು ಇನ್ನೂರು ಗ್ರಾಂನ ಒಳಗೇ.

ಈ ವ್ಯವಹಾರವನ್ನು ಬೈಬಲ್ ಸಬ್ ರಜಿಸ್ಟ್ರಾರ್ ಕಚೇರಿಯ ಶಿಸ್ತಿನಲ್ಲಿ ಬರೆದಿಟ್ಟಿದೆ. ಪತ್ರಕ್ಕೆ ಸಹಿ ಬಿತ್ತು, ಮುದ್ರೆ ಬಿತ್ತು, ಸಾಕ್ಷಿಗಳನ್ನು ಕರೆದರು, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದರು. ಪತ್ರ ಎರಡು ಪ್ರತಿ: ಒಂದು ಮುದ್ರೆ ಹಾಕಿ ಮುಚ್ಚಿದ್ದು, ಇನ್ನೊಂದು ಯಾರಾದರೂ ನೋಡಲೆಂದು ತೆರೆದಿಟ್ಟದ್ದು. ಎರಡನ್ನೂ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುದಿನ ಕೆಡದಂತೆ ಮಣ್ಣಿನ ಗಡಿಗೆಯಲ್ಲಿಡು ಎಂದು ಯೆರೆಮೀಯ ಹೇಳುತ್ತಾನೆ. ಇದು ಕಟ್ಟುಕಥೆಯ ಅಲಂಕಾರವಲ್ಲ. ಮೃತ ಸಮುದ್ರದ ಬಳಿಯ ಗುಹೆಯೊಂದರಲ್ಲಿ 1961ರಲ್ಲಿ ಬಾಬಥಾ ಎಂಬ ಹೆಣ್ಣುಮಗಳ ಕಾಗದಪತ್ರದ ಕಟ್ಟು ಸಿಕ್ಕಿತು. ಅದು ಯೆರೆಮೀಯನಿಗಿಂತ ಏಳು ನೂರು ವರ್ಷ ಈಚಿನದು, ಆದರೂ ಅದರಲ್ಲಿ ಇಂಥದೇ ಜೋಡಿ ಪ್ರತಿಯ ಪತ್ರಗಳಿವೆ. ಗಡಿಗೆಯ ಮಾತೂ ಹಾಗೆಯೇ. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ ಎರಡು ಸಾವಿರ ವರ್ಷ ಉಳಿದು ಬಂದದ್ದು ಒಣ ಹವೆ ಮತ್ತು ಮಣ್ಣಿನ ಗಡಿಗೆಗಳ ಪುಣ್ಯದಿಂದ. ಹಗೇವಿನಲ್ಲಿ ಜೋಳ ಹಾಕಿ ಬಾಯಿ ಮುಚ್ಚಿದವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖರೀದಿಯ ಹಿಂದಿನ ಮಾತು ಇಷ್ಟೇ: ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕೊಡುಕೊಳ್ಳುವಿಕೆ ನಡೆಯುತ್ತದೆ. ಕಷ್ಟಕಾಲದಲ್ಲಿ ಬೈಬಲಿನ ಪ್ರವಾದನೆಯಿಂದ ಧೈರ್ಯ ತಗೊಳ್ಳುವುದು ಹೇಗೆ ಎಂದು ಕೇಳುವವರಿಗೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಮೃಗಗಳಿಗಿಂತ, ದಾನಿಯೇಲನ ಪುಸ್ತಕದ ಅಂಕಿಗಳಿಗಿಂತ ಮೊದಲು ಈ ಖರೀದಿ ಪತ್ರವನ್ನು ತೋರಿಸಬೇಕು. ಇಲ್ಲಿ ಮುಂದಿನ ದಿನದ ಮಾತು ಇವತ್ತಿನ ಒಂದು ಕೆಲಸವಾಗಿ ಇಳಿದಿದೆ. ಇನ್ನೊಂದು ಸಂಗತಿಯನ್ನು ಬಹಳ ಜನ ಓದದೆ ದಾಟುತ್ತಾರೆ. ಬೆಳ್ಳಿ ತೂಗಿ ಆದ ಮೇಲೆ, 16ನೆಯ ವಚನದಿಂದ, ಯೆರೆಮೀಯನಿಗೇ ಅನುಮಾನ ಹುಟ್ಟುತ್ತದೆ. ಊರು ಶತ್ರುವಿನ ಕೈಗೆ ಹೋಗುತ್ತಿದೆ, ನೀನು ನೋಡಿದರೆ ಹೊಲ ಕೊಳ್ಳು ಅಂದೆಯಲ್ಲ ಎಂದು ದೇವರನ್ನೇ ಕೇಳುತ್ತಾನೆ. ಅಂದರೆ ಪತ್ರಕ್ಕೆ ಸಹಿ ಹಾಕಿದ್ದು ಅನುಮಾನ ತೀರಿದ ಮೇಲಲ್ಲ.

ನಮ್ಮ ಭಾಗಕ್ಕೆ ಮುಂದಿನ ಮಾತು ಕೇಳುವ ರೂಢಿ ಹೊಸದಲ್ಲ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಗೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅಂದರೆ ಸಾವಿರಾರು ಜನರ ಉಸಿರು ನಿಲ್ಲುತ್ತದೆ. ಒಂದೇ ಸಾಲು, ಕೊನೆಗೆ ‘ಪರಾಕ್’. ಅದು ಮಳೆಗೋ, ಪೇಟೆಯ ಧಾರಣೆಗೋ, ಗದ್ದುಗೆಗೋ ಎಂಬುದನ್ನು ಕೇಳಿದವರು ಮನೆಗೆ ಹೋಗುತ್ತ ಬಿಡಿಸಿಕೊಳ್ಳುತ್ತಾರೆ. ಈ ಕಿವಿಯನ್ನೇ ಇಟ್ಟುಕೊಂಡು ಬೈಬಲ್ ತೆರೆದಾಗ ಒಂದು ಎಡವಟ್ಟು ಆಗುತ್ತದೆ. ಪ್ರವಾದಿಗಳ ಪುಸ್ತಕವನ್ನೂ ಒಂದೊಂದು ಸಾಲಾಗಿ ಕತ್ತರಿಸಿ, ಇದು ನನಗೆ, ಇದು ಈ ವರ್ಷಕ್ಕೆ ಎಂದು ಹಂಚಿಕೊಳ್ಳುತ್ತೇವೆ. ಆದರೆ ಆ ಮಾತುಗಳು ಬಹುಪಾಲು ವಿಳಾಸ ಇರುವ ಮಾತುಗಳು. ಯಾವ ಅರಸನ ಎಷ್ಟನೆಯ ವರ್ಷ, ಯಾವ ಊರು, ಯಾರಿಗೆ ಎಂದು ಮೇಲೇ ಬರೆದಿರುತ್ತದೆ. ಪ್ರವಾದಿ ಹಗ್ಗಾಯನ ಪುಸ್ತಕದಲ್ಲಂತೂ ತಿಂಗಳು, ತೇದಿ ಸಮೇತ ಇದೆ: ಪಾರಸಿಯ (ಪರ್ಷಿಯದ) ಅರಸ ದಾರ್ಯಾವೆಷನ ಎರಡನೆಯ ವರ್ಷ, ಅಂದರೆ ಕ್ರಿ.ಪೂ. 520.

ವಿಳಾಸ ಬಿಟ್ಟು ಓದಿದ್ದರಿಂದ ಅತಿ ಹೆಚ್ಚು ಪೆಟ್ಟು ತಿಂದ ವಚನ ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವ ಯೋಚನೆ ಹಾನಿಯದಲ್ಲ, ಹಿತದ್ದು, ನಿಮಗೆ ಮುಂದೆ ಗತಿ ಇರಲಿ, ನಿರೀಕ್ಷೆ ಇರಲಿ ಎಂಬ ಮಾತು. ಗೋಡೆ ಕ್ಯಾಲೆಂಡರಿನಲ್ಲಿ, ಮದುವೆ ಕಾರ್ಡಿನಲ್ಲಿ, ಹುಬ್ಬಳ್ಳಿಯ ಆಟೋದ ಹಿಂದಿನ ಗಾಜಿನಲ್ಲಿ ಅದು ಒಂಟಿಯಾಗಿ ನಿಂತುಬಿಟ್ಟಿದೆ. ಅದರ ಬೆನ್ನಿಗಿರುವ 10ನೆಯ ವಚನವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಎಪ್ಪತ್ತು ವರ್ಷ ಆದ ಮೇಲೆ ಎನ್ನುತ್ತದೆ ಅದು.

ಇದು ಪತ್ರ. ಕ್ರಿ.ಪೂ. 597ರಲ್ಲಿ ಅರಸ, ಅಧಿಕಾರಿಗಳು, ಬಡಗಿಗಳು, ಕಮ್ಮಾರರು ಎಲ್ಲರನ್ನೂ ಬಾಬೆಲಿಗೆ ಎಳೆದೊಯ್ದಿದ್ದರು. ಅವರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದು, ಆಮೇಲೆ ಪಟ್ಟಕ್ಕೆ ಬಂದ ಅರಸನ ದೂತರ ಕೈಯಲ್ಲಿ ಕಳಿಸಿದ್ದು. ಆಗ ಇಪ್ಪತ್ತೈದು ವಯಸ್ಸಿದ್ದವನು ಎಪ್ಪತ್ತು ವರ್ಷ ಕೂಡಿಸಿ ನೋಡಿಕೊಳ್ಳಲಿ. ಅವನಿಗೆ ಊರು ಮತ್ತೆ ಕಾಣುವುದಿಲ್ಲ. ಹಾಗಾದರೆ ಅವನು ಮಾಡಬೇಕಾದದ್ದೇನು? ಮನೆ ಕಟ್ಟಿರಿ, ತೋಟ ಹಾಕಿ ಹಣ್ಣು ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ಸಂಖ್ಯೆ ಕಡಿಮೆಯಾಗಲು ಬಿಡಬೇಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿರಿ. ಎಳೆದುಕೊಂಡು ಹೋದವರ ಪಟ್ಟಣಕ್ಕೇ! ‘ನಿಮ್ಮ’ ಎಂಬುದನ್ನು ನಾವು ಗೌರವದ ಏಕವಚನವಾಗಿ ಓದಿ ನನಗೊಬ್ಬನಿಗೆ ಅಂದುಕೊಳ್ಳುತ್ತೇವೆ. ಹೀಬ್ರೂ ಮೂಲದಲ್ಲಿ ಅದು ಸ್ಪಷ್ಟವಾಗಿ ಬಹುವಚನ, ನಿಮ್ಮೆಲ್ಲರ.

ಅವರು ಹಾಗೆ ಬಾಳಿದರೋ? ಬಾಬೆಲ್ ಸೀಮೆಯ ‘ಆಲ್ ಯಾಹುದು’, ಅಂದರೆ ಯೆಹೂದ ಪಟ್ಟಣ, ಎಂಬ ಊರಿನ ಜೇಡಿಮಣ್ಣಿನ ಹಲಗೆಗಳಲ್ಲಿ ಇದಕ್ಕೆ ಉತ್ತರ ಇದೆ. ಅವುಗಳಲ್ಲಿ ಹಳೆಯದು ಕ್ರಿ.ಪೂ. 572ರದು. ಲಾವಣಿ ಹಿಡಿದ ಹೊಲ, ಕಟ್ಟಿದ ತೆರಿಗೆ, ಕೊಟ್ಟ ಸಾಲ, ಹೀಗೆ ಪೂರ್ತಿ ಒಕ್ಕಲುತನದ ಲೆಕ್ಕ.

ಎಪ್ಪತ್ತರ ಎದುರಿಗೆ ಇನ್ನೊಂದು ಅಂಕಿಯೂ ಓಡಾಡುತ್ತಿತ್ತು. ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ನಿಂತು, ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ ಎಂದ. ಬಾಬೆಲಿಗೆ ತಲೆಬಾಗಬೇಕೆಂಬ ಗುರುತಾಗಿ ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಕಿತ್ತು ಮುರಿದ. ಜನಕ್ಕೆ ಯಾರು ಹಿಡಿಸಿರಬಹುದು? ಯೆರೆಮೀಯನ ಮೊದಲ ಉತ್ತರ ‘ಆಮೆನ್, ಹಾಗೇ ಆಗಲಿ’ ಎಂಬುದು. ಅವನಿಗೂ ಎರಡೇ ವರ್ಷ ಬೇಕಿತ್ತು. ಆಮೇಲೆ, ಸಮಾಧಾನ ನುಡಿಯುವ ಪ್ರವಾದಿಯ ಮಾತು ನಡೆದ ಮೇಲೆಯೇ ಅವನು ಕಳಿಸಲ್ಪಟ್ಟವನೆಂದು ತಿಳಿಯುತ್ತದೆ ಎಂದು ಹೇಳಿ, ನೊಗ ಮುರಿದ ಮೇಲೂ ಜಗಳಕ್ಕೆ ನಿಲ್ಲದೆ ಅಲ್ಲಿಂದ ನಡೆದುಹೋದ. 28ನೆಯ ಅಧ್ಯಾಯದಲ್ಲಿ ಇದೆಲ್ಲ ಇದೆ. ಹನನ್ಯನದು ಐದನೆಯ ತಿಂಗಳ ಮಾತು, ಏಳನೆಯ ತಿಂಗಳಿಗೆ ಅವನೇ ಇರಲಿಲ್ಲ. ಇಂದಿಗೂ ಕಷ್ಟದಲ್ಲಿರುವ ಮನೆಗೆ ಹನನ್ಯನೇ ಮೊದಲು ಬರುತ್ತಾನೆ. ಮೂರು ತಿಂಗಳಲ್ಲಿ ಸಾಲ ಹರಿಯುತ್ತದೆ, ಈ ವರ್ಷವೇ ನೌಕರಿ ಎಂದು ಗಡುವು ಕೊಡುತ್ತಾನೆ, ಕೆಲವೊಮ್ಮೆ ಕಾಣಿಕೆಯ ಮೊತ್ತವನ್ನೂ ಹೇಳುತ್ತಾನೆ. ಗಡುವು ದಾಟಿದಾಗ ತಪ್ಪು ಅವನದಾಗುವುದಿಲ್ಲ, ನಿಮ್ಮ ವಿಶ್ವಾಸ ಸಾಲದಾಯಿತು ಎಂದಾಗುತ್ತದೆ. ಮೊದಲೇ ಬಾಗಿದ ಬೆನ್ನಿನ ಮೇಲೆ ಅದೊಂದು ಹೊರೆ.

ಎಪ್ಪತ್ತನ್ನು ಎಲ್ಲಿಂದ ಎಲ್ಲಿಗೆ ಎಣಿಸಬೇಕು ಎಂಬ ಚರ್ಚೆ ಹಳೆಯದು. ದೇವಾಲಯ ಸುಟ್ಟ ಕ್ರಿ.ಪೂ. 586ರಿಂದ ಮತ್ತೆ ಕಟ್ಟಿ ಮುಗಿಸಿದ 516ರವರೆಗೆ ಸರಿಯಾಗಿ ಎಪ್ಪತ್ತು. ಬಾಬೆಲಿನ ದೊರೆತನ ಶುರುವಾದ 605ರಿಂದ ಪಾರಸಿಯ ಅರಸ ಕೋರೆಷನು ಬಾಬೆಲನ್ನು ಹಿಡಿದ 539ರವರೆಗೆ ಅರವತ್ತಾರು. ಇದಕ್ಕಾಗಿ ಒಂದು ಸಂಜೆಗಿಂತ ಹೆಚ್ಚು ಕಳೆಯಬೇಡಿ.

‘ನಿರೀಕ್ಷೆ’ ಎಂಬ ಪದದ ಮೇಲೆ ಮಾತ್ರ ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ. ಆಡುಮಾತಿನಲ್ಲಿ ನಾವು ಭರವಸೆ ಎನ್ನುವ ಕಡೆ ಕನ್ನಡ ಸತ್ಯವೇದ ಸಾಮಾನ್ಯವಾಗಿ ನಿರೀಕ್ಷೆ ಎನ್ನುತ್ತದೆ. ಧಾರವಾಡದ ಮಾತಿನಲ್ಲಿ ಅದು ‘ಹಾದಿ ನೋಡೋದು’. ಮಗ ಊರಿಗೆ ಬರುತ್ತಾನೆಂದು ತಾಯಿ ಹೊಸ್ತಿಲಲ್ಲಿ ಕೂತು ಹಾದಿ ನೋಡುತ್ತಾಳೆ, ಕೈಯಲ್ಲಿ ಹೆಸರುಕಾಳಿನ ಮೊರ ಇದ್ದೇ ಇರುತ್ತದೆ. 29:11ರ ಹೀಬ್ರೂ ಪದ ‘ತಿಕ್ವಾ’. ಅದಕ್ಕೆ ಹುರಿ, ದಾರ ಎಂಬ ಅರ್ಥವೂ ಇದೆ. ಯೆಹೋಶುವನ ಪುಸ್ತಕದಲ್ಲಿ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೆ ಇದೇ ಪದ ಬರುತ್ತದೆ. ಜೆಕರ್ಯನು ನೀರಿಲ್ಲದ ಗುಂಡಿಯಲ್ಲಿ ಬಿದ್ದವರನ್ನು ‘ನಿರೀಕ್ಷೆಯ ಸೆರೆಯಾಳುಗಳೇ’ ಎಂದು ಕರೆಯುವಾಗಲೂ (9:11-12) ಇದೇ ಪದ. ಗುಂಡಿಯಲ್ಲಿರುವವನಿಗೆ ಹಗ್ಗವೆಂದರೆ ಏನು ಎಂಬುದು ಯೆರೆಮೀಯನಿಗೆ ಮೈಯಾರೆ ಗೊತ್ತಿತ್ತು. ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದ್ದರು. ಎಬೆದ್ಮೆಲೆಕನೆಂಬ ಕೂಷ್ಯನು (ಆಫ್ರಿಕದ ಕೂಷ್ ನಾಡಿನವನು) ಮೂವತ್ತು ಆಳುಗಳನ್ನು ಕರೆತಂದು ಮೇಲೆತ್ತಿದ. ಎತ್ತುವ ಮೊದಲು ಹಳೆಯ ಅರಿವೆಗಳನ್ನು ಕೆಳಗೆ ಬಿಟ್ಟು, ಹಗ್ಗ ಕೊರೆಯದಂತೆ ಕಂಕುಳಲ್ಲಿ ಇಟ್ಟುಕೋ ಎಂದ (38:12). ಕಷ್ಟದಲ್ಲಿರುವವರಿಗೆ ವಚನ ಹೇಳಲು ಹೋಗುವವರು ಈ ಹಳೆಯ ಅರಿವೆಯನ್ನು ನೆನಪಿಡಬೇಕು. ಬರೀ ಹಗ್ಗ ಎಸೆದು ಎಳೆದರೆ ಚರ್ಮ ಕಿತ್ತು ಬರುತ್ತದೆ.

ಮನೆಯಲ್ಲಿ ಓದುವ ಕ್ರಮಕ್ಕೆ ಬರೋಣ. ಬೆಟಗೇರಿಯಲ್ಲೋ ಹಳೇ ಹುಬ್ಬಳ್ಳಿಯಲ್ಲೋ ಕುಟುಂಬ ಪ್ರಾರ್ಥನೆಗೆ ಆರೇಳು ಮಂದಿ ಸೇರಿದರೆ ಸಾಕು. ಯೆರೆಮೀಯನಿಂದ ಶುರು ಮಾಡಬೇಡಿ, 52 ಅಧ್ಯಾಯದ ಪುಸ್ತಕ, ಕಾಲಾನುಕ್ರಮವೂ ಇಲ್ಲ, ಮೂರನೆಯ ವಾರಕ್ಕೆ ಜನ ಕರಗುತ್ತಾರೆ. ಹಬಕ್ಕೂಕನಿಂದ ಶುರು ಮಾಡಿ. ಮೂರು ಅಧ್ಯಾಯ, 56 ವಚನ, ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ. ಮೊದಲ ಸಲ ಯಾರೂ ವಿವರಣೆ ಕೊಡಬಾರದು, ಪಾಸ್ಟರ್ ಇದ್ದರೆ ಅವರೂ. ಎರಡನೆಯ ಸಲ ಯಾರು ಮಾತಾಡುತ್ತಿದ್ದಾರೆ ಎಂದು ಗೆರೆ ಎಳೆಯುತ್ತ ಓದಿ. ಎಷ್ಟು ದಿನ ಕೂಗಲಿ, ನೀನು ಕೇಳುವುದಿಲ್ಲವಲ್ಲ ಎಂಬ ದೂರಿನಿಂದ ಪುಸ್ತಕ ತೆರೆಯುತ್ತದೆ. ಬಂದ ಉತ್ತರ ಕಷ್ಟಕ್ಕಿಂತ ಕಷ್ಟ: ಬಾಬೆಲಿನವರನ್ನು ಎಬ್ಬಿಸುತ್ತೇನೆ. ಪ್ರವಾದಿ ಮತ್ತೆ ವಾದ ಹೂಡಿ, ಬುರುಜಿನ ಮೇಲೆ ನಿಂತು ಉತ್ತರಕ್ಕೆ ಹಾದಿ ನೋಡುತ್ತಾನೆ. ಆಮೇಲೆ, ಓಡುವವನೂ ಓದುವ ಹಾಗೆ ಹಲಗೆಯ ಮೇಲೆ ಬರೆ, ತಡವಾದರೂ ಕಾದಿರು ಎಂಬ ಮಾತು ಬರುತ್ತದೆ. ಈ ನಾಲ್ಕು ಮೆಟ್ಟಿಲು ಹತ್ತದೆ ನೇರ 3:17ಕ್ಕೆ ಜಿಗಿದರೆ ಅದು ಗಂಟಲಿನಿಂದ ಬಂದ ಹಾಡಾಗುತ್ತದೆ, ಎದೆಯಿಂದಲ್ಲ.

3:17ರಲ್ಲಿ ಆರು ನಷ್ಟಗಳ ಪಟ್ಟಿ ಇದೆ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಫಲ ಬಿಡಲಿಲ್ಲ, ಎಣ್ಣೆಮರ ಕೈಕೊಟ್ಟಿತು, ಹೊಲದಲ್ಲಿ ಕಾಳಿಲ್ಲ, ದೊಡ್ಡಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಹಣ್ಣಿನಿಂದ ಶುರುವಾಗಿ ಕಾಳಿಗೆ ಬಂದು ದನಕ್ಕೆ ಮುಗಿಯುತ್ತದೆ, ಒಂದು ಮನೆತನ ಮೇಲಿನಿಂದ ಕೆಳಗಿನ ತನಕ ಬರಿದಾಗುವ ಕ್ರಮ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದನ್ನು ಮರೆಯದವರಿಗೆ ಈ ಪಟ್ಟಿ ಗುರುತು ಹತ್ತುತ್ತದೆ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876-78, ಈ ಸೀಮೆಯನ್ನು ಬರಿದು ಮಾಡುವ ಹೊತ್ತಿಗೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್ ನೆಲೆಯೂರಿ ಮೂರು ದಶಕ ಮೀರಿತ್ತು, ಕನ್ನಡದಲ್ಲಿ ಪೂರ್ತಿ ಬೈಬಲ್ ಅಚ್ಚಾಗಿ ಇನ್ನೂ ಹೆಚ್ಚು ಕಾಲವಾಗಿತ್ತು. ಹಬಕ್ಕೂಕನ ಪಟ್ಟಿ ಆಗಲೂ ಕನ್ನಡದಲ್ಲಿತ್ತು.

ಎರಡನೆಯ ವಾರ ಎಲ್ಲರೂ ಒಂದು ಹಾಳೆಯಲ್ಲಿ ತಮ್ಮ ಆರು ಸಾಲು ಬರೆಯಲಿ. ಬ್ಯಾಡಗಿ ಮೆಣಸಿನಕಾಯಿಗೆ ಧಾರಣೆ ಬರಲಿಲ್ಲ, ಬೋರು ಬತ್ತಿತು, ಅಂಗಡಿ ಮುಚ್ಚಿತು, ಮಗಳ ವರದಿ ಚೆನ್ನಾಗಿ ಬರಲಿಲ್ಲ. ಹೆಸರು ಹಾಕಬೇಕಿಲ್ಲ, ಗಟ್ಟಿಯಾಗಿ ಓದಬೇಕೆಂದೂ ಇಲ್ಲ. ಆದರೂ ದೇವರಲ್ಲಿ ಆನಂದಿಸುವೆನು ಎಂಬ 18ನೆಯ ವಚನವನ್ನು ಯಾರ ಬಾಯಿಯಿಂದಲೂ ಬಲವಂತವಾಗಿ ಹೊರಡಿಸಬಾರದು. ಹಾಗೆ ಹೇಳಲಾಗದವರು ಪಟ್ಟಿಯಲ್ಲೇ ನಿಲ್ಲಲಿ. ಆ ಹಾಡಿನ ಕೊನೆಯಲ್ಲಿ ತಂತಿವಾದ್ಯದೊಂದಿಗೆ ಎಂಬ ಸೂಚನೆ ಇದೆ, ಒಬ್ಬನಿಗೆ ದನಿ ಬಾರದಿದ್ದರೆ ಉಳಿದವರು ಹಾಡುತ್ತಾರೆ.

ಮೂರನೆಯ ವಾರ ಯೆರೆಮೀಯ 28 ಮತ್ತು 29ರ ಮೊದಲ 14 ವಚನ ಒಟ್ಟಿಗೆ, ನಾಲ್ಕನೆಯ ವಾರ 32. ಐದನೆಯ ವಾರ ಯೋವೇಲ. ಮಿಡತೆ ತಿಂದ ವರ್ಷಗಳನ್ನು ತುಂಬಿಕೊಡುತ್ತೇನೆ ಎಂಬ ಮಾತು ಅಲ್ಲಿದೆ (2:25). ತಿಂದದ್ದು ಬೆಳೆ, ಕೊಡುವುದಾಗಿ ಹೇಳಿದ್ದು ವರ್ಷಗಳನ್ನು ಎಂಬುದನ್ನು ಗಮನಿಸಿ. ಅದಕ್ಕೆ ಎರಡು ವಚನ ಮೊದಲು ಮುಂಗಾರು, ಹಿಂಗಾರು ಮಳೆಯ ಮಾತು. ಇಲ್ಲಿ ನಮ್ಮವರು ತಪ್ಪು ತಿಂಗಳು ಎಣಿಸುತ್ತಾರೆ. ಅಲ್ಲಿಯ ಮುಂಗಾರು ಅಕ್ಟೋಬರ್, ನವೆಂಬರಿನಲ್ಲಿ ಬಿತ್ತಿಗೆಗೆ ನೆಲ ಹದ ಮಾಡುವ ಮಳೆ. ಹಿಂಗಾರು ಮಾರ್ಚ್, ಏಪ್ರಿಲ್‌ನಲ್ಲಿ ಕಾಳು ತುಂಬಿಸುವ ಮಳೆ. ನಮ್ಮ ರೋಹಿಣಿ, ಮೃಗಶಿರ ಅಲ್ಲಿ ಸುಡುಬೇಸಿಗೆ. ನಮ್ಮ ಎರೆಹೊಲದ ಹಿಂಗಾರಿ ಜೋಳಕ್ಕೆ ಹೋಲುವುದು ಅವರ ಮುಂಗಾರಿನ ಬಿತ್ತಿಗೆ. ಇಷ್ಟು ತಿಳಿದರೆ, ಮುಂಗಾರು ಎಂಬ ಪದ ಕಂಡ ಕೂಡಲೇ ಈ ಜೂನ್‌ಗೆ ಮಳೆ ಖಾತ್ರಿ ಎಂದು ಸಾಲ ಎತ್ತುವ ಆತುರ ಇಳಿಯುತ್ತದೆ.

ಪ್ರಕಟನೆಯ ಪುಸ್ತಕವನ್ನು ಕೊನೆಗಿಡಿ. ಅದೂ ಈಗಿನ ತುರ್ಕಿಯ ಪಶ್ಚಿಮ ಭಾಗದ ಏಳು ಸಭೆಗಳಿಗೆ ಬರೆದ ಪತ್ರ. ಪತ್ಮೋಸ್ ದ್ವೀಪದಿಂದ ಬರೆದದ್ದು, ಒಬ್ಬರು ಓದಿ ಉಳಿದವರು ಕೇಳಲೆಂದು. ಒಂದೂವರೆ ಗಂಟೆಯಲ್ಲಿ ಇಡೀ ಪುಸ್ತಕ ಓದಿಸಿಬಿಡಬಹುದು. ಕಣ್ಣೀರನ್ನು ಒರಸಿಬಿಡುವನು ಎಂಬ 21:4ಕ್ಕೆ ಆಗ ಬರುವ ತೂಕ ಬಿಡಿ ಬಿಡಿಯಾಗಿ ಓದಿದರೆ ಬರುವುದಿಲ್ಲ. ಅಂಕಿ ಕೂಡಿಸಿ ದಿನ ಹೇಳುವ ಚಾಳಿ ಇಲ್ಲಿ ಶುರುವಾದರೆ ಅಮೆರಿಕದಲ್ಲಿ ಬೋಧಕ ವಿಲಿಯಂ ಮಿಲ್ಲರನ ಹಿಂಬಾಲಕರಿಗೆ ಆದದ್ದನ್ನು ಹೇಳಿ. 1844ರ ಅಕ್ಟೋಬರ್ 22 ಕ್ರಿಸ್ತನ ಬರೋಣದ ದಿನವೆಂದು ಕಾದರು, ಕೆಲವರು ಬೆಳೆಯನ್ನು ಕೊಯ್ಯದೆ ಬಿಟ್ಟಿದ್ದರು. 23ರ ಬೆಳಗು ಎಂದಿನಂತೆ ಆಯಿತು. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಎಂದು ಮಾರ್ಕ 13:32ರಲ್ಲಿ ಯೇಸುವೇ ಹೇಳಿದ್ದ.

ಕಾಯಿಲೆಯ ಮನೆಯಲ್ಲಿ ಆಗುವ ಎಡವಟ್ಟು ಇದಕ್ಕಿಂತ ದೊಡ್ಡದು. ಪ್ರವಾದನೆ ಸಿಕ್ಕಿತೆಂದು ಸಕ್ಕರೆ ಕಾಯಿಲೆಯ ಗುಳಿಗೆ, ಬಿಪಿ ಗುಳಿಗೆ ನಿಲ್ಲಿಸುವುದು. ಅಂಥವರಿಗೆ ಯೆಶಾಯ 38 ತೆಗೆದು ತೋರಿಸಿ. ಅರಸ ಹಿಜ್ಕೀಯನಿಗೆ ಇನ್ನೂ ಹದಿನೈದು ವರ್ಷ ಆಯುಸ್ಸು ಎಂದು ಹೇಳಿದ ಅದೇ ಯೆಶಾಯ, ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಿರಿ ಎಂದೂ ಹೇಳಿದ. ಮಾತು ಕೊಟ್ಟ ಬಾಯಿಯೇ ಮದ್ದನ್ನೂ ಹೇಳಿತು. ಬದುಕೇ ಸಾಕು ಅನ್ನುವವರ ಮುಂದೆ ಯಾವ ವಚನವನ್ನೂ ಹಿಡಿಯಬೇಡಿ. 1 ಅರಸುಗಳು 19ರಲ್ಲಿ ಸಾವು ಬೇಡಿದ ಎಲೀಯನಿಗೆ ಮೊದಲು ಸಿಕ್ಕಿದ್ದು ನಿದ್ದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಉಣಿಸಿದರು. ಮೆಲುದನಿಯ ಮಾತು ಬಂದದ್ದು ನಲವತ್ತು ದಿನ ಆದ ಮೇಲೆ. ಅಂಥವರನ್ನು ಒಂಟಿಯಾಗಿ ಬಿಡದೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಅಥವಾ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರೊಟ್ಟಿಗೆ ಕೂತು ಫೋನ್ ಹಚ್ಚಿ.

ಮತ್ತೆ ಹೊಲದ ಮಾತಿಗೆ. ಆ ಹೊಲದಲ್ಲಿ ಯೆರೆಮೀಯ ಒಂದು ಸಲವೂ ಬಿತ್ತಲಿಲ್ಲ. ಊರು ಬಿತ್ತು, ಉಳಿದ ಜನ ಐಗುಪ್ತಕ್ಕೆ (ಈಜಿಪ್ಟಿಗೆ) ಓಡುವಾಗ ಅವನನ್ನೂ ಬಾರೂಕನನ್ನೂ ಎಳೆದುಕೊಂಡು ಹೋದರು. ಗಡಿಗೆ ಏನಾಯಿತೆಂದು ಬೈಬಲ್ ಹೇಳುವುದಿಲ್ಲ. ಐದನೆಯ ವಾರ ಮುಗಿಯುವಾಗ ಎಜ್ರನ ಪುಸ್ತಕದ ಎರಡನೆಯ ಅಧ್ಯಾಯ ತೆಗೆಯಿರಿ. ಕೋರೆಷನ ಅಪ್ಪಣೆ ಸಿಕ್ಕ ಮೇಲೆ ಬಾಬೆಲಿನಿಂದ ಊರಿಗೆ ಮರಳಿದವರ ಪಟ್ಟಿ ಅದು, ಬರೀ ಹೆಸರು, ಬರೀ ಅಂಕಿ, ಸಭೆಯಲ್ಲಿ ಯಾರೂ ಓದಿಸುವುದಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ 23ನೆಯ ವಚನಕ್ಕೆ ಬನ್ನಿ. ಅನಾತೋತಿನವರು, 128.